ತಟ್ಟೆಯ ಕೆಳಗಿನ ಒದ್ದೆ ಬಟ್ಟೆ

ಡಿಸೆಂಬರ್ ಇಪ್ಪತ್ತೈದರ ಬೆಳಿಗ್ಗೆ ಎಂಟೂವರೆಗೆ ಲಿಸ್ಬನ್ನಿನ ಮಾದ್ರಗೋವಾ ಠಾಣೆಗೆ ಬಂದವನ ಹೆಸರು ರೊಜೇರಿಯೊ. ವಯಸ್ಸು ನಲವತ್ತೆರಡು, ವಿಮಾ ಕಂಪನಿಯೊಂದರಲ್ಲಿ ಗುಮಾಸ್ತ. ಕ್ರಿಸ್‌ಮಸ್ ದಿನ ಠಾಣೆಗೆ ಬರುವವರು ಸಾಮಾನ್ಯವಾಗಿ ಕುಡಿದು ಬಿದ್ದವರು, ಇಲ್ಲವೇ ಕುಡಿದು ಬಿದ್ದವರನ್ನು ಹುಡುಕಿಕೊಂಡು ಬಂದವರು. ಇವನು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದಿದ್ದ.

"ಮನೆಗೆ ಕಳ್ಳ ನುಗ್ಗಿದಾನೆ ಸಾರ್. ಅಡುಗೆಮನೆ ಕಿಟಕಿ ಗಾಜು ಒಡೆದಿದಾನೆ."

ಇನ್ಸ್‌ಪೆಕ್ಟರ್ ಫಾಲ್ಕಾತೊ ಪೆನ್ನಿನ ಮುಚ್ಚಳ ತೆಗೆದ. "ಯಾವಾಗ?"

"ನಿನ್ನೆ ರಾತ್ರಿ. ನಾವೆಲ್ಲ ನಡುರಾತ್ರಿ ಪೂಜೆಗೆ ಇಗರ್ಜಿಗೆ ಹೋಗಿದ್ವಿ."

"ಏನು ಹೋಗಿದೆ?"

ರೊಜೇರಿಯೊ ತಡವರಿಸಿದ. "ಒಂದು ತಟ್ಟೆ ಊಟ."

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಕಾನ್‌ಸ್ಟೆಬಲ್ ಜುಲ್ಮೀರಾಳಿಗೆ ನಗು ಬಂದು ಕಾಫಿ ನೆತ್ತಿಗೇರಿತು.

"ಒಡವೆ, ದುಡ್ಡು?"

"ಮುಟ್ಟಿಲ್ಲ. ಬೆಳ್ಳಿ ಫೋರ್ಕು ಅಲ್ಲೇ ಇದೆ. ಅದರಲ್ಲೇ ತಿಂದಿದಾನೆ. ನಗಬೇಡಿ ಮೇಡಂ, ನಮ್ಮನೇಲಿ ವಯಸ್ಸಾದವರಿದಾರೆ."

ಬೇರೆ ಅಧಿಕಾರಿಯಾಗಿದ್ದರೆ ಗಾಜು ಹಾಕುವವನ ವಿಳಾಸ ಕೊಟ್ಟು ಕಳಿಸುತ್ತಿದ್ದ. ಆದರೆ ಫಾಲ್ಕಾತೊಗೆ ಕುತೂಹಲ ಎನ್ನುವುದು ಒಂದು ಕಾಯಿಲೆ. ಬೆಳ್ಳಿ ಬಿಟ್ಟು ಊಟ ಮಾಡಿ ಹೋದ ಕಳ್ಳನನ್ನು ಇಪ್ಪತ್ತಾರು ವರ್ಷಗಳ ಕೆಲಸದಲ್ಲಿ ಅವನು ನೋಡಿರಲಿಲ್ಲ. ಎಫ್‌ಐಆರ್ ದಾಖಲಿಸಿ, ಟೋಪಿ ಎತ್ತಿಕೊಂಡು ಹೊರಟ.

ಮನೆ ಇಳಿಜಾರು ಓಣಿಯ ಮೂರನೇ ಮಹಡಿಯಲ್ಲಿತ್ತು. ಹಿಂದುಗಡೆ ಕಬ್ಬಿಣದ ಮೆಟ್ಟಿಲು, ಅದಕ್ಕೆ ಅಂಟಿಕೊಂಡಂತೆ ಅಡುಗೆಮನೆಯ ಕಿಟಕಿ. ಕೆಳಗಿನ ಮಹಡಿಯ ಇಬ್ಬರನ್ನು ಪಂಚರಾಗಿ ಕರೆದು ಜುಲ್ಮೀರಾ ಸ್ಥಳ ಮಹಜರು ಶುರು ಮಾಡಿದಳು. ಒಡೆದ ಗಾಜಿನ ಅಂಚಿನಲ್ಲಿ ರಕ್ತ ಒಣಗಿತ್ತು.

ಊಟದ ಮೇಜು ನಿನ್ನೆ ರಾತ್ರಿ ಹೇಗಿತ್ತೋ ಹಾಗೇ ಇತ್ತು. ಹಳೆಯ ಮನೆಗಳಲ್ಲಿ ಕ್ರಿಸ್‌ಮಸ್ ರಾತ್ರಿ ಮೇಜು ಎತ್ತುವುದಿಲ್ಲ, ಮನೆಯ ಸತ್ತವರು ಬಂದು ಉಣ್ಣಲಿ ಎಂದು ಬಿಟ್ಟು ಮಲಗುತ್ತಾರೆ. ಫಾಲ್ಕಾತೊನ ಅಜ್ಜಿಯೂ ಬಿಡುತ್ತಿದ್ದಳು. ಉಣ್ಣುತ್ತಿದ್ದದ್ದು ಮಾತ್ರ ಬೆಕ್ಕು.

ಮೇಜಿನ ತುದಿಯಲ್ಲಿ ಕಪ್ಪು ಶಾಲು ಹೊದ್ದು ಕೂತಿದ್ದ ಮುದುಕಿ ರೊಜೇರಿಯೊನ ಅತ್ತೆ, ದೋನಾ ಎರ್ಮಿಂದಾ. ಅವಳು ಯಾರಿಗೂ ಒಂದು ಚಮಚ ಎತ್ತಲು ಬಿಟ್ಟಿರಲಿಲ್ಲ.

"ಕಳ್ಳ ಗಿಳ್ಳ ಏನೂ ಇಲ್ಲ ಸಾಹೇಬ್ರೆ. ಬಂದಿದ್ದು ನನ್ನ ಮಗ ಅಲ್ಬಾನೊ."

"ಎಲ್ಲಿದಾನೆ ಮಗ?"

"ಸಮುದ್ರದಲ್ಲಿ. ಐದು ವರ್ಷ ಆಯ್ತು ಬೋಟಿಂದ ಬಿದ್ದು. ಹೆಣ ಸಿಗಲಿಲ್ಲ." ಊರಿನ ಸುದ್ದಿ ಹೇಳುವವಳ ಹಾಗೆ ಹೇಳಿದಳು. "ಪ್ರತಿ ಕ್ರಿಸ್‌ಮಸ್‌ಗೂ ಬರ್ತಾನೆ. ನಾನು ಬಾಗಿಲಿಗೆ ಚಾವಿ ಹಾಕ್ತಿರಲಿಲ್ಲ. ಈ ವರ್ಷ ಅಳಿಯಂದ್ರು ಬಂದು ಇಲ್ಲೇ ಠಿಕಾಣಿ ಹೂಡಿ ಹೊಸ ಬೀಗ ಜಡಿದ್ರಲ್ಲ, ಪಾಪ ಮಗು, ಕಿಟಕಿ ಒಡ್ಕೊಂಡು ಬಂದಿದೆ."

"ಅತ್ತೆ, ಸತ್ತವರಿಗೆ ಬೀಗ ಅಡ್ಡ ಬರುತ್ತಾ?"

"ನೀನು ಹಾಕಿದ ಬೀಗ ಯಾರಿಗಾದ್ರೂ ಅಡ್ಡ ಬರುತ್ತೆ ಬಿಡು."

"ಅಮ್ಮಾ," ಫಾಲ್ಕಾತೊ ಮೆಲ್ಲಗೆ ಕೇಳಿದ, "ಗಾಜಲ್ಲಿ ರಕ್ತ ಇದೆ. ಸತ್ತವರಿಗೆ ರಕ್ತ ಬರುತ್ತಾ?"

ಮುದುಕಿ ಉಂಡು ಬಿಟ್ಟ ತಟ್ಟೆಯೊಂದನ್ನು ತೋರಿಸಿ, "ಅದನ್ನ ಎತ್ತಿ ನೋಡಿ" ಎಂದಳು.

ಫಾಲ್ಕಾತೊ ಎತ್ತಿದ. ತಟ್ಟೆಯ ಕೆಳಗೆ ಕೈವಸ್ತ್ರವೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿತ್ತು. ಬೆಳಗಾದರೂ ಅದು ಒದ್ದೆಯಾಗಿತ್ತು. ಮೇಜಿನ ಮರ ಅಷ್ಟಗಲ ಕಪ್ಪಾಗಿತ್ತು.

"ಪ್ರತಿ ವರ್ಷ ಹೀಗೇ. ಸಮುದ್ರದಿಂದ ಬರೋನು, ಒಣಗಿಕೊಂಡು ಬರ್ತಾನಾ?"

ಫಾಲ್ಕಾತೊ ಬೆರಳು ಒತ್ತಿ, ಯಾರೂ ನೋಡದಂತೆ ನಾಲಿಗೆಗೆ ಮುಟ್ಟಿಸಿದ. ಉಪ್ಪಿರಲಿಲ್ಲ. ನಲ್ಲಿಯ ನೀರು. ಅದನ್ನು ಮಹಜರಿನಲ್ಲಿ ಬರೆಸಿದ, ಬಾಯಲ್ಲಿ ಹೇಳಲಿಲ್ಲ.

ತಟ್ಟೆಯಲ್ಲಿ ಬಕಲ್ಯಾವ್ ಮೀನಿನ ಮುಳ್ಳುಗಳು ಉಳಿದಿದ್ದವು. ಆಲೂಗಡ್ಡೆ, ಕೋಸಿನ ಎಲೆ ಎಲ್ಲ ಖಾಲಿ. ಬೇಯಿಸಿದ ಮೊಟ್ಟೆ ಮಾತ್ರ ಇಡಿಯಾಗಿ ಕೂತಿತ್ತು.

"ಮೊಟ್ಟೆ ಯಾಕೆ ಬಿಟ್ಟಿದಾನೆ?"

"ಅಲ್ಬಾನೊ ಚಿಕ್ಕಂದಿನಿಂದ ಮೊಟ್ಟೆ ಮುಟ್ಟಲ್ಲ," ಎಂದಳು ತಾಯಿ. ಮುಖ ಬೆಳಗಿತ್ತು. "ಹಾಕ್ತೀನಿ, ಬಿಡ್ತಾನೆ. ಇವತ್ತಿಗೂ ಬುದ್ಧಿ ಬಂದಿಲ್ಲ."

ಮೆಟ್ಟಿಲಿಳಿಯುವಾಗ ರೊಜೇರಿಯೊ ಜೊತೆಗೆ ಬಂದ. ದನಿ ತಗ್ಗಿಸಿದ.

"ಮಗ ತೀರಿಕೊಂಡ ವರ್ಷ ಇವರು ಊಟ ಬಿಟ್ಟು ಹಾಸಿಗೆ ಹಿಡಿದಿದ್ರು ಸಾರ್. ಡಾಕ್ಟ್ರು ಕೈಚೆಲ್ಲಿದ್ರು. ಮೊದಲನೇ ಕ್ರಿಸ್‌ಮಸ್ ಮಾರನೇ ದಿನ ಎದ್ದು ಕೂತು ಸೂಪ್ ಕೇಳಿದ್ರು. ಆವತ್ತಿಂದ ವರ್ಷಪೂರ್ತಿ ಈ ಒಂದು ರಾತ್ರಿಗೋಸ್ಕರ ಬದುಕ್ತಾ ಇದಾರೆ. ಯಾರೋ ಅವರಿಗೆ ಮೋಸ ಮಾಡ್ತಿದಾನೆ. ಹಿಡೀರಿ ಅವನನ್ನ."

"ಹಿಡಿದ ಮೇಲೆ ಅತ್ತೆಗೆ ಏನಂತ ಹೇಳ್ತೀರಿ?" ಎಂದಳು ಜುಲ್ಮೀರಾ.

ಅಳಿಯ ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಬೀದಿಗೆ ಬಂದ ಮೇಲೆ ಜುಲ್ಮೀರಾ ಮತ್ತೆ ಕೆದಕಿದಳು. "ಸಾರ್, ಗಾಜಿನ ಬೆಲೆ ಎಷ್ಟಿರಬಹುದು? ನಾನೇ ಕೊಟ್ಟುಬಿಡ್ತೀನಿ. ಬಿಟ್ಟುಬಿಡೋಣ."

"ದೂರು ದಾಖಲಾಗಿದೆ."

"ದೂರಲ್ಲ ಸಾರ್, ನಿಮಗೆ ತಡೆಯೋಕಾಗ್ತಿಲ್ಲ."

ಫಾಲ್ಕಾತೊ ಇಲ್ಲ ಎನ್ನಲಿಲ್ಲ. ಅಲ್ಬಾನೊ ಮೊಟ್ಟೆ ತಿನ್ನುವುದಿಲ್ಲ ಎಂದು ಗೊತ್ತಿರುವವನು ಅವನ ಜೊತೆ ಕೂತು ಉಂಡವನೇ ಇರಬೇಕು. ಮನೆಯವರೆಲ್ಲ ಇಗರ್ಜಿಯಲ್ಲಿದ್ದರು. ಉಳಿದದ್ದು ಬೋಟು.

ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರೂ ಅಲ್ಕಾಂತರಾ ಧಕ್ಕೆಗೆ ಹೋದರು. ಅಲ್ಬಾನೊ ದುಡಿಯುತ್ತಿದ್ದ ಮೀನುಗಾರಿಕೆ ಬೋಟು ಮರುದಿನ ಬೆಳಿಗ್ಗೆ ಹೊರಡುವುದಕ್ಕೆ ಸಿದ್ಧವಾಗಿ ನಿಂತಿತ್ತು. ಲಿಸ್ಬನ್ನಿನಲ್ಲಿ ಮನೆಯಿಲ್ಲದ ಇಬ್ಬರು ಕೆಲಸಗಾರರ ಜೊತೆ ಬೋಟಿನ ಯಜಮಾನ ಕಿಂತೀನೊ ಒಳಗೆ ಹಬ್ಬದ ಊಟಕ್ಕೆ ಕೂರುವವನಿದ್ದ.

"ಹಬ್ಬದ ದಿನ ಪೊಲೀಸ್ರು! ಬನ್ನಿ, ಮೊದಲು ಉಣ್ಣಿ, ಆಮೇಲೆ ಬೇಡಿ ಹಾಕಿ," ಎಂದು ಕಿಂತೀನೊ ಬೆಂಚು ಒರೆಸಿದ.

ಕೆಲಸಗಾರರಲ್ಲೊಬ್ಬ ಮೇಜು ಸಿದ್ಧಪಡಿಸುತ್ತಿದ್ದ. ಬಟ್ಟೆಯ ತುಂಡುಗಳನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಮಡಿಸಿ, ಒಂದೊಂದರ ಮೇಲೆ ಒಂದೊಂದು ತಟ್ಟೆ ಇಟ್ಟ. ಫಾಲ್ಕಾತೊ ಕಣ್ಣು ಮಿಟುಕಿಸದೆ ನೋಡಿದ.

"ಇದು ಯಾಕೆ?"

"ತಟ್ಟೆ ಜಾರಬಾರ್ದಲ್ಲ ಸ್ವಾಮಿ."

"ಬೋಟು ಕಟ್ಟಿಹಾಕಿದೆ."

ಅವನು ತನ್ನ ಕೈಯನ್ನೇ ಈಗ ಕಂಡವನಂತೆ ನೋಡಿಕೊಂಡು ನಕ್ಕ. "ಹೌದಲ್ವಾ! ಕೈ ಕೇಳಲ್ಲ ಸ್ವಾಮಿ. ಮನೆಗೆ ಹೋದ್ರೂ ಹೀಗೇ ಮಾಡಿ ಹೆಂಡ್ತಿ ಹತ್ರ ಬೈಸ್ಕೋತೀನಿ."

ಜುಲ್ಮೀರಾ ಇನ್ಸ್‌ಪೆಕ್ಟರ್ ಮುಖ ನೋಡಿದಳು. ಅವನು ಕಿಂತೀನೊ ಕಡೆ ತಿರುಗಿದ.

"ಅಲ್ಬಾನೊ ಜೊತೆ ಕೆಲಸ ಮಾಡಿದವರು ಯಾರಿದಾರೆ?"

"ನಾನೊಬ್ಬ. ಇನ್ನೊಬ್ಬ ಜಸೀಂತೊ. ಅಣ್ಣತಮ್ಮಂದಿರ ಹಾಗಿದ್ರು."

"ಅವನೆಲ್ಲಿ?"

"ರೂಮಲ್ಲಿ ಬಿದ್ದಿದಾನೆ. ನಿನ್ನೆ ಎಲ್ಲೋ ಕೈ ಕುಯ್ಕೊಂಡಿದಾನೆ, ಬಲೆ ಹಿಡಿಯೋಕಾಗಲ್ಲ ಅಂತ ಹೇಳಿ ಕಳಿಸಿದ." ಕಿಂತೀನೊನ ನಗು ಇಳಿಯಿತು. "ಯಾಕೆ ಸಾರ್? ಒಳ್ಳೇ ಹುಡುಗ ಅವನು."

ಎರಡು ಗಂಟೆಗೆ ಅವರು ಬಾಗಿಲು ತಟ್ಟಿದಾಗ ಜಸೀಂತೊ ತಾನೇ ತೆರೆದ. ಮೂವತ್ತರ ಆಸುಪಾಸಿನ ಗಟ್ಟಿ ಆಳು, ಬಲಗೈಗೆ ಟವೆಲ್ ಸುತ್ತಿತ್ತು. ಸಮವಸ್ತ್ರ ನೋಡಿ ಓಡಲಿಲ್ಲ. "ಅಮ್ಮನಿಗೆ ಹೇಳಿದ್ರಾ?" ಎಂದಷ್ಟೇ ಕೇಳಿದ.

"ಇಲ್ಲ. ಮೊದಲ ಸಲ ಯಾಕೆ ಹೋದೆ?"

"ನಿಜ ಹೇಳೋಕೆ ಸಾರ್. ಅವನು ಬಿದ್ದ ದಿನ ಡೆಕ್ ಮೇಲೆ ಬಲೆ ನೋಡೋ ಪಾಳಿ ನಂದು. ನಂಗೆ ಹಲ್ಲುನೋವು. 'ನೀ ಬಿದ್ಕೊ, ನಾ ನೋಡ್ಕೋತೀನಿ' ಅಂತ ಅಲ್ಬಾನೊ ಹೋದ. ಅಲೆ ಬಂತು."

"ಮನೇಲಿ ಯಾರೂ ಇರಲಿಲ್ಲ."

"ಪೂಜೆಗೆ ಹೋಗಿದ್ರು. ಬಾಗ್ಲು ತೆಗೆದೇ ಇತ್ತು. ಬರ್ತಾರೆ ಅಂತ ಕಾಯ್ತಾ ಕೂತೆ. ಎದುರಿಗೆ ಅವನ ತಟ್ಟೆ. ಅಳ್ತಾ ಅಳ್ತಾ ಉಂಡುಬಿಟ್ಟಿದೀನಿ. ನಾಚಿಕೆ ಆಗಿ ಓಡಿಬಂದೆ."

"ಆಮೇಲೆ?"

"ಆಮೇಲೆ ಮಾರ್ಕೆಟ್ಟಲ್ಲಿ ನೋಡ್ದೆ. ಮೂಳೆ ಚಕ್ಕಳ ಆಗಿದ್ದ ಹೆಂಗಸು, ಚೀಲ ಹಿಡ್ಕೊಂಡು ಬಂದು, ನನ್ನ ಮಗ ಬಂದಿದ್ದ, ಒದ್ದೆ ಮೈಲಿ ಬಂದಿದ್ದ ಅಂತ ಎಲ್ರಿಗೂ ಹೇಳ್ತಿದ್ರು. ಹೇಗೆ ಹೇಳ್ಲಿ ಸಾರ್? ಮಾರನೇ ವರ್ಷ ಹೋಗ್ದೆ ಇದ್ರೆ ಸತ್ತೇ ಹೋಗ್ತಾರೆ ಅನ್ನಿಸ್ತು." ಕೈಯ ಟವೆಲ್ ಬಿಗಿದುಕೊಳ್ಳುತ್ತ ಹೇಳಿದ, "ನಂಗೆ ಮೊಟ್ಟೆ ಅಂದ್ರೆ ಪ್ರಾಣ ಸಾರ್. ಒಂದು ವರ್ಷನೂ ಮುಟ್ಟಲಿಲ್ಲ."

ಮನೆ ಒಡೆದು ಒಳನುಗ್ಗಿದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಗಾಯಕ್ಕೆ ನಾಲ್ಕು ಹೊಲಿಗೆ ಹಾಕಿಸಿ ಠಾಣೆಗೆ ಕರೆತಂದರು. ವರದಿಯಲ್ಲಿ ಕೃತ್ಯದ ಉದ್ದೇಶ ಬರೆಯಬೇಕಾದಲ್ಲಿ ಫಾಲ್ಕಾತೊ ಮೊದಲು "ಹಸಿವು" ಎಂದು ಬರೆದು ಹೊಡೆದುಹಾಕಿದ. ಆಮೇಲೆ "ಒಬ್ಬ ತಾಯಿ ಬದುಕಿರಲಿ ಎಂದು" ಎಂದು ಬರೆದ. ಇಷ್ಟು ವರ್ಷಗಳಲ್ಲಿ ಅಂಥದ್ದನ್ನು ಬರೆದದ್ದು ಅದೇ ಮೊದಲು.

ಸಂಜೆ ಐದಕ್ಕೆ ರೊಜೇರಿಯೊ ಅತ್ತೆಯನ್ನು ಕರೆದುಕೊಂಡು ಬಂದ. ಠಾಣೆಯಿಂದ ತಿಳಿದದ್ದನ್ನೆಲ್ಲ ಅವಳಿಗೆ ಹೇಳಿಬಿಟ್ಟಿದ್ದ; ಹೇಳಿ ಅತ್ತಂತಿತ್ತು, ಕಣ್ಣು ಕೆಂಪಗಿತ್ತು. ದೋನಾ ಎರ್ಮಿಂದಾಳ ಕೈಯಲ್ಲಿ ಕೈವಸ್ತ್ರ ಮುಚ್ಚಿದ ತಟ್ಟೆಯಿತ್ತು. ಯಾರಿಗೆ ತಂದದ್ದು ಎಂದು ಅವಳಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಜಸೀಂತೊ ಎದ್ದು ನಿಂತ. ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಐದು ಕ್ರಿಸ್‌ಮಸ್ ನನ್ನನ್ನ ಮಂಗ ಮಾಡಿದೆ."

"ಹೌದಮ್ಮ."

ಅವಳು ಬೆಂಚಿನ ಮೇಲೆ ಕುಸಿದು ಕೂತಳು. ಮಗ ಸತ್ತ ಸುದ್ದಿ ಈಗಷ್ಟೇ ಬಂದಂತಿತ್ತು. ಫಾಲ್ಕಾತೊಗೆ ತನ್ನ ಕುತೂಹಲದ ಮೇಲೆ ಅಸಹ್ಯ ಹುಟ್ಟಿತು. ಬೆಳಿಗ್ಗೆ ಬೆಳಗಿದ್ದ ಆ ಮುಖವನ್ನು ಆರಿಸಿದವನು ತಾನೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಆ ಬಟ್ಟೆ," ಎಂದಳು ಮುದುಕಿ. "ಅದು ಯಾಕೆ ಒದ್ದೆ?"

"ಬೋಟಲ್ಲಿ ತಟ್ಟೆ ಜಾರದ ಹಾಗೆ ಹಾಕ್ತೀವಿ ಅಮ್ಮ. ನಂಗೇ ಗೊತ್ತಿಲ್ದೆ ಮಾಡಿದೀನಿ. ನಿಮ್ಮನ್ನ ನಂಬಿಸೋಕೆ ಅಂತ ಅಲ್ಲ, ದೇವರಾಣೆ."

"ಯಾರು ಕಲಿಸಿದ್ದು ನಿಂಗೆ?"

ಜಸೀಂತೊ ತಲೆ ತಗ್ಗಿಸಿದ. "ಅಲ್ಬಾನೊ. ನಾನು ಬೋಟು ಹತ್ತಿದ ಮೊದಲನೇ ದಿನ ಸೂಪೆಲ್ಲ ಮಡಿಲಿಗೆ ಚೆಲ್ಕೊಂಡೆ. ಎಲ್ರೂ ನಕ್ಕರು. ಅವನೊಬ್ಬ ತನ್ನ ಕರವಸ್ತ್ರ ನೆನೆಸಿ ತಂದು ನನ್ನ ತಟ್ಟೆ ಕೆಳಗೆ ಹಾಸಿದ."

ದೋನಾ ಎರ್ಮಿಂದಾ ಎದ್ದಳು. ತಟ್ಟೆಯ ಮೇಲಿನ ಕೈವಸ್ತ್ರ ತೆಗೆದುಕೊಂಡು ಮೂಲೆಯ ನಲ್ಲಿಯ ಬಳಿ ಹೋಗಿ ನೆನೆಸಿದಳು, ಚೆನ್ನಾಗಿ ಹಿಂಡಿದಳು. ನಾಲ್ಕು ಮಡಿಕೆ ಮಾಡಿ ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಹಾಸಿ, ತಟ್ಟೆಯನ್ನು ಅದರ ಮೇಲಿಟ್ಟಳು. ರಾತ್ರಿ ಉಳಿದ ಮೀನನ್ನು ಮುರಿದು, ಬೆಳ್ಳುಳ್ಳಿ ಹಾಕಿ ಹುರಿದ ಕ್ರಿಸ್‌ಮಸ್ ದಿನದ ಅಡುಗೆ ಅದು, ಇನ್ನೂ ಬಿಸಿಯಾಗಿತ್ತು.

"ಇದ್ರಲ್ಲಿ ಮೊಟ್ಟೆ ಹಾಕಿದೀನಿ," ಎಂದಳು. "ನೀನು ತಿಂತೀಯಾ?"

"ತಿಂತೀನಿ ಅಮ್ಮ."

"ಹಾಗಾದ್ರೆ ಕೂತ್ಕೊಂಡು ತಿನ್ನು."