ತಲೆಯ ಮೇಲಿನ ಕೈ ಇಳಿಸಿದ ರಾಜಕುಮಾರ

ಬಹಳ ಹಿಂದೆ, ಏಳು ಬೆಟ್ಟಗಳಾಚೆ ಮುತ್ತಗನಾಡು ಎಂಬ ರಾಜ್ಯವಿತ್ತು. ಕಷ್ಟ ಬಂದರೆ ಎರಡೂ ಕೈಗಳನ್ನು ತಲೆಯ ಮೇಲೆ ಹೊತ್ತು ಕೂರಬೇಕು, ಕಷ್ಟ ತಾನಾಗಿ ಹೋಗುವವರೆಗೆ ಕೈ ಇಳಿಸಬಾರದು ಎಂಬುದು ಅಲ್ಲಿನ ಪದ್ಧತಿ. ಊಟವನ್ನು ಬೇರೆಯವರು ತಿನ್ನಿಸಬೇಕಿತ್ತು. ಅವರ ಕೈಗಳೂ ತಲೆಯ ಮೇಲೆಯೇ ಇರುತ್ತಿದ್ದುದರಿಂದ ಎಲ್ಲರೂ ಉಪವಾಸ ಬೀಳುತ್ತಿದ್ದರು.

ಒಮ್ಮೆ ಕರಾಳಕೇತು ಎಂಬ ಮಾಂತ್ರಿಕ ಮೋಡದ ಮೇಲೆ ನಿಂತು ಸಾರಿದ. ಹುಣ್ಣಿಮೆಯ ಬೆಳಿಗ್ಗೆ ಅವನು ಮೂರು ಮಾಯಾಪ್ರಾಣಿಗಳೊಡನೆ ಬರುವನಂತೆ. ಮೂರನ್ನೂ ತಡೆದರೆ ಅವನ ಮಂತ್ರಶಕ್ತಿ ಅಳಿಯುವುದಂತೆ. ಇಲ್ಲವಾದರೆ ರಾಜಕುಮಾರ ಮಂದಾರಸೇನ ಗಿಣಿಯಾಗಿ ಪಂಜರ ಸೇರಬೇಕಂತೆ.

ಅರಸ, ಮಂತ್ರಿ, ಸೇನಾಪತಿ ಸಾಲಾಗಿ ತಲೆಯ ಮೇಲೆ ಕೈ ಹೊತ್ತು ಕುಳಿತರು. ಈ ವಿದ್ಯೆಯಲ್ಲಿ ಸೇನಾಪತಿಯನ್ನು ಮೀರಿಸುವವರಿರಲಿಲ್ಲ. ಮಂದಾರಸೇನನೂ ಕುಳಿತ. ಆದರೆ ಅವನಿಗೆ ಮೂಗು ತುರಿಸಿತು. ತಡೆಯಲಾರದೆ ಒಂದು ಕೈ ಇಳಿಸಿದ. ಈ ಪದ್ಧತಿಯನ್ನು ಕಂಡು ರೋಸಿಹೋಗಿದ್ದ ಅವನ ಸೋದರತ್ತೆ ಪದ್ಮಲೆ ಹತ್ತಿರ ಬಂದು, ಏನು ಚಿಂತೆ ಎಂದು ಕೇಳಿದಳು.

“ಅತ್ತೆ, ಅವನು ಬೆಂಕಿ ಉಗುಳುವ ಹುಂಜ ತಂದರೆ?”

“ತಂದರೆ ನಮಗೇನು ಬೇಕು?”

“ನೀರು.”

“ಕೈ ಹೇಗೂ ಇಳಿದಿದೆಯಲ್ಲ ಕಂದ, ಕೊಡ ತಗೋ.”

ಅವನು ನೀರು ಸೇದಿ ಮನೆಗಳ ಹುಲ್ಲುಮಾಡುಗಳನ್ನೆಲ್ಲ ತೋಯಿಸಿದ. ನಿದ್ದೆ ಬರಿಸುವ ಗೂಬೆ ಬಂದರೆ ಎಂದು ಹೆದರಿದ. ಅತ್ತೆ ಮತ್ತೆ ಅದನ್ನೇ ಕೇಳಿದಳು. ಎಲ್ಲರ ಕಿವಿಗೂ ಹತ್ತಿ ಹಿಂಜಿಟ್ಟ. ಹೆಬ್ಬಾವು ಬಂದರೆ ಎಂದು ಹೆದರಿದ, ಹಗ್ಗ ಹೊಸೆದ. ಬರಬರುತ್ತಾ ಹೆದರಲು ಬಿಡುವೇ ಸಿಗಲಿಲ್ಲ. ಅವನನ್ನು ನೋಡಿ ಊರವರೂ ಒಬ್ಬೊಬ್ಬರಾಗಿ ಕೈ ಇಳಿಸಿ ಜೊತೆಗೂಡಿದರು.

ಹುಣ್ಣಿಮೆ ಬಂತು. ಹುಂಜ ಬೆಂಕಿ ಉಗುಳಿತು. ಒದ್ದೆ ಹುಲ್ಲುಮಾಡಿಗೆ ತಾಗಿ ಚುಸ್ಸೆಂದು ಆರಿತು. ಗೂಬೆ ಕೂಗಿತು, ಕಿವಿಯಲ್ಲಿ ಹತ್ತಿಯಿದ್ದ ಯಾರಿಗೂ ಕೇಳಿಸಲಿಲ್ಲ, ಕೂಗಿ ಕೂಗಿ ಕೊನೆಗೆ ಅದೇ ನಿದ್ದೆಹೋಯಿತು. ಎಲ್ಲರೂ ಹತ್ತಿ ತೆಗೆದರು. ಮೂರನೆಯದಾಗಿ ಆನೆಗಾತ್ರದ ಇಲಿಯೊಂದು ಬಂತು. ಅದರ ಬೆನ್ನ ಮೇಲೆ ಮಾಂತ್ರಿಕನೇ ಕುಳಿತಿದ್ದ.

ಇಲಿಯನ್ನು ಯಾರೂ ಊಹಿಸಿರಲಿಲ್ಲ. ಸೇನಾಪತಿಯ ಕೈಗಳು ತಲೆಯತ್ತ ಹೊರಟವು. ಆದರೆ ಕೈಯಲ್ಲಿ ಹಗ್ಗವಿತ್ತು. ಮಂದಾರಸೇನ ಈ ಬಾರಿ ಅತ್ತೆಯತ್ತ ನೋಡಲಿಲ್ಲ. ಈಗೇನು ಬೇಕು ಎಂದು ತನ್ನನ್ನೇ ಕೇಳಿಕೊಂಡ.

“ಹಾವಿಗೆ ಹೊಸೆದದ್ದು ಇಲಿಗೂ ಆದೀತು. ಕಾಲಿಗೆ ಬಿಗಿಯಿರಿ,” ಎಂದ.

ಊರೆಲ್ಲ ಸೇರಿ ಎಳೆಯಿತು. ಇಲಿ ದೊಪ್ಪನೆ ಬಿದ್ದು, ಅಂಗೈಯಷ್ಟಾಗಿ, ಹಗ್ಗದಿಂದ ನುಸುಳಿ ಓಡಿಹೋಯಿತು. ಅರಸ ಮಗನನ್ನು ಅಪ್ಪಿಕೊಂಡು ಸಂತೋಷಕ್ಕೆ ಅತ್ತುಬಿಟ್ಟ.

ಶಕ್ತಿಯೂ ಹೋಗಿ, ವಾಹನವೂ ಹೋಗಿ, ಕರಾಳಕೇತು ಧೂಳಿನಲ್ಲಿ ಕುಳಿತಿದ್ದ. “ಸೋತರೆ ಏನು ಮಾಡಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ,” ಎಂದ.

“ನಾವು ಯೋಚಿಸಿದ್ದೆವು,” ಎಂದು ಪದ್ಮಲೆ ದಾರಿಗೆ ಕಟ್ಟಿಟ್ಟಿದ್ದ ಬುತ್ತಿಯನ್ನು ಅವನ ಕೈಗಿಟ್ಟಳು.

ಅವನು ಏಳು ಬೆಟ್ಟ ನಡೆದು ಮನೆ ಸೇರಿದ. ಮುತ್ತಗನಾಡು ನಗುನಗುತ್ತಾ ಬಾಳಿತು.