ಸುಮ್ನಿರಿ ಸಾರ್ ಅವರ ಅರ್ಧ ನಿಮಿಷ

"ಹಿಂಡಬೇಡಿ ಮೇಡಂ. ಹಿಂಡಿದ್ರೆ ಉಸಿರು ಹೋಗುತ್ತೆ."

ಅವರು ಹೇಳುತ್ತಿದ್ದುದು ಬಟ್ಟೆಯ ವಿಷಯವಲ್ಲ, ನನ್ನ ದನಿಯ ಫೈಲನ್ನು ಚಿಕ್ಕದು ಮಾಡುವ ವಿಷಯ.

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ಓದಿ ರೆಕಾರ್ಡ್ ಮಾಡುವ ಗ್ರಂಥಾಲಯ ನಮ್ಮದು. ಓದುವವಳು ನಾನು, ಮದುವೆಯಾಗದ ನಿವೃತ್ತ ಅಧ್ಯಾಪಕಿ. ಗಾಜಿನಾಚೆ ಯಂತ್ರದ ಮುಂದೆ ಕೂರುವವರು ಅವರು. ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಪ್ರತಿ ಓದಿಗೂ ಮೊದಲು "ಅರ್ಧ ನಿಮಿಷ ಸುಮ್ನಿರಿ" ಎಂದು ಕೋಣೆಯ ಮೌನವನ್ನಷ್ಟೇ 'ಮೌನ ಒಂದು', 'ಮೌನ ಎರಡು' ಎಂದು ಬೇರೆ ಫೈಲಿನಲ್ಲಿ ಹಿಡಿದಿಡುತ್ತಿದ್ದರು. ಓದಿನಲ್ಲಿ ತಪ್ಪು ಕತ್ತರಿಸಿದ ಜಾಗಕ್ಕೆ ಆ ಮೌನದ ತೇಪೆ. ಹಾಗಾಗಿ ಎಲ್ಲರ ಬಾಯಲ್ಲೂ ಅವರು 'ಸುಮ್ನಿರಿ ಸಾರ್'.

"ಒಂದು ಪಾಠ ಮುನ್ನೂರು ಎಂಬಿ ಸಾರ್. ಬೆಳಿಗ್ಗೆ ಒಬ್ಬಳು ಹುಡುಗಿ ಫೋನ್ ಮಾಡಿದ್ಲು. ಪಾಠ ಇಳಿಯೋದ್ರೊಳಗೆ ಡೇಟಾನೇ ಖಾಲಿಯಂತೆ. ಎಂಪಿ3 ಮಾಡಿದ್ರೆ ಮೂವತ್ತಕ್ಕೆ ಇಳಿಯುತ್ತೆ."

"ಹಿಂಡದ ಈ ವೇವ್ ಫೈಲಲ್ಲಿ ನೀವು ಪುಟ ತಿರುವೋದೂ ಕೇಳುತ್ತೆ."

"ಪರೀಕ್ಷೆಯಲ್ಲಿ ಅದರ ಬಗ್ಗೆ ಪ್ರಶ್ನೆ ಬರಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ನಗು ಬಂದಾಗಲೆಲ್ಲ ಅವರು ಮಾಡುವುದು ಅದನ್ನೇ. ಒಪ್ಪಲಂತೂ ಇಲ್ಲ.

ಮರುವಾರ ಕಣ್ಣಿನ ಪೊರೆ ತೆಗೆಸಲು ನಾಲ್ಕು ದಿನ ರಜೆ ಹಾಕಿದರು. ನನಗೂ ಹಟವಿದೆ. ಮೂಲ ಫೈಲುಗಳನ್ನು ಮುಟ್ಟದೆ, ಇಡೀ ಫೋಲ್ಡರನ್ನೇ ಆರಿಸಿ ಎಂಪಿ3 ಮಾಡಿ ವೆಬ್‌ಸೈಟಿಗೆ ಏರಿಸಿಬಿಟ್ಟೆ. ಇಡೀ ಫೋಲ್ಡರೆಂದರೆ ಮೌನಗಳೂ ಅದರಲ್ಲಿವೆ ಎಂಬುದು ಹೊಳೆಯಲೇ ಇಲ್ಲ.

ಮೂರನೇ ದಿನ ಅದೇ ಹುಡುಗಿಯ ಫೋನು. "ಟೀಚರ್, ಪಾಠ ಒಂದೇ ನಿಮಿಷಕ್ಕೆ ಬಂತು! ಆದ್ರೆ ನಲವತ್ತೆರಡನೇ ಮೌನ ಕೇಳಿದ್ರಾ? ಹಾಸ್ಟೆಲಲ್ಲೆಲ್ಲ ಅದೇ ಓಡ್ತಿದೆ."

ಕೇಳಿದೆ. ನಾನು ತಡವಾಗಿ ಬಂದಿದ್ದ ಒಂದು ದಿನದ ಫೈಲು. ರೆಕಾರ್ಡ್ ಒತ್ತಿ ಅವರೇ ಖಾಲಿ ಕೋಣೆಗೆ ಬಂದಿದ್ದಾರೆ. ಕುರ್ಚಿ ಸರಿಸಿದ ಸದ್ದು. ದಿಂಬು ತಟ್ಟಿದ ಸದ್ದು. ಫ್ಲಾಸ್ಕಿನಿಂದ ನೀರು ಸುರಿದ ಸದ್ದು. ಎರಡು ವರ್ಷದಿಂದ ನನ್ನ ಗಂಟಲಿಗೆ ಹದವಾದ ಬಿಸಿನೀರು ಸಿಗುತ್ತಿತ್ತು. ಜವಾನ ಇಡುತ್ತಾನೆ ಎಂದುಕೊಂಡಿದ್ದೆ.

ಆಮೇಲೆ ಅವರ ದನಿ, ಕುರ್ಚಿಗೆ ಹೇಳುವಂತೆ: "ಮೇಡಂ, ನಿಮ್ಮನ್ನ ಸುಮ್ನಿರಿ ಅನ್ನೋದು ಮೈಕಿಗೋಸ್ಕರ. ನನಗಾದ್ರೆ ನೀವು ದಿನವಿಡೀ ಮಾತಾಡ್ತಾನೇ ಇರಬೇಕು. ನನ್ನ ಮನೆಯಲ್ಲಿ." ಒಂದು ನಿಟ್ಟುಸಿರು. "ಥೂ, ಹೀಗಲ್ಲ." ಬಾಗಿಲು ತೆರೆದ ಸದ್ದು. ಬಂದವಳು ನಾನೇ.

ಆ ಸಂಜೆಗೆ ಸುದ್ದಿ ಅಣ್ಣನಿಗೂ ಮುಟ್ಟಿತ್ತು. ನಾನಿರುವುದು ಅವನ ಮನೆಯಲ್ಲಿ.

"ಅರವತ್ತೊಂದಕ್ಕೆ ಇದೇನು ಮಕ್ಕಳಾಟ? ನಾಳೇನೇ ಅದನ್ನ ತೆಗೆಸು. ಯಾರಾದ್ರೂ ಕೇಳಿದ್ರೆ ಸುಮ್ನಿರು."

"ಮೂವತ್ತು ವರ್ಷ ಸುಮ್ನೇ ಇದ್ದೀನಲ್ಲ ಅಣ್ಣ. ತೆಗೆಸಲ್ಲ."

"ಹಾಗಾದ್ರೆ ಅವನ ಮನೆಗೇ ಹೋಗು!"

"ನೇರವಾಗಿ ಕರೆದ್ರೆ ಹೋಗ್ತೀನಿ."

ಅಣ್ಣ ತಟ್ಟೆ ಬಿಟ್ಟೆದ್ದ. ಅತ್ತಿಗೆ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ರಜೆ ಮುಗಿಸಿ ಅವರು ಬಂದಾಗ ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ರಾಜೀನಾಮೆ ಪತ್ರ.

"ನನ್ನಿಂದ ನಿಮ್ಮ ಮಾನ ಹೋಯ್ತು. ಪಾಸ್‌ವರ್ಡ್ ಹೇಳಿ, ನಾನೇ ತೆಗೆದು ಹೊರಡ್ತೀನಿ."

"ಆವತ್ತೇ ಯಾಕೆ ಅಳಿಸಲಿಲ್ಲ?"

ಅವರು ತಲೆ ತಗ್ಗಿಸಿದರು. "ಅದರ ಕೊನೇಲಿ ನೀವು ಬಾಗಿಲು ತೆರೆದು ನಗ್ತೀರಿ. ಅಳಿಸೋಕೆ ಮನಸ್ಸಾಗಲಿಲ್ಲ."

ಪತ್ರವನ್ನು ಕಿತ್ತುಕೊಂಡು ಫ್ಲಾಸ್ಕಿನ ಅಡಿಗೆ ಇಟ್ಟೆ. ನಲವತ್ತೆರಡರ ಎಂಪಿ3 ಹಾಕಿದೆ. ಹೆಡ್‌ಫೋನನ್ನು, ಕಣ್ಣಿಗೆ ತಾಗದಂತೆ, ಅವರ ಕಿವಿಗಿಟ್ಟೆ. "ಹಿಂಡಿದ್ದನ್ನ ಕೇಳಿ ಹೇಳಿ. ಉಸಿರು ಹೋಗಿದೆಯಾ?"

ಕೇಳಿದರು. "ಇಲ್ಲ... ಇದೆ."

"ನಿಟ್ಟುಸಿರು?"

"ಅದೂ ಇದೆ." ಕೈ ಕನ್ನಡಕಕ್ಕೆ ಹೋಯಿತು. ತಡೆದೆ. "ಡಾಕ್ಟರ್ ತೆಗೀಬೇಡಿ ಅಂದಿರ್ತಾರೆ. ಇವತ್ತು ಹಾಗೇ ನಗಿ."

ಹಿಡಿದ ಕೈಯನ್ನು ಅವರು ಬಿಡಲಿಲ್ಲ. "ಮೇಡಂ, ನನ್ನ ಮನೆಗೆ ಬರ್ತೀರಾ?"

"ರೆಕಾರ್ಡ್ ಒತ್ತಿ, ಹೇಳ್ತೀನಿ." ಒಳಗೆ ಹೋಗಿ ಮೈಕಿನ ಮುಂದೆ ಕುಳಿತೆ.

ಗಾಜಿನಾಚೆಯಿಂದ ಅಭ್ಯಾಸಬಲದ ದನಿ: "ಅರ್ಧ ನಿಮಿಷ ಸುಮ್ನಿ..."

"ಇರಲ್ಲ," ಎಂದೆ. "ಇದು ನಲವತ್ತೆರಡನೇ ಮೌನಕ್ಕೆ ಉತ್ತರ. ಬರ್ತೀನಿ. ದಿನವಿಡೀ ಮಾತಾಡ್ತೀನಿ. ಬಿಸಿನೀರು ನೀವೇ ಇಡಬೇಕು."

ಅದನ್ನು ಅವರೇ, ತಮ್ಮ ಕೈಯಾರೆ, ಎಂಪಿ3 ಮಾಡಿ ನಲವತ್ತೆರಡರ ಪಕ್ಕಕ್ಕೆ ಏರಿಸಿದರು. ನೂರು ಕೆಬಿಯೂ ಇರಲಿಲ್ಲ. ಅಣ್ಣನ ಹಳೇ ಫೋನಿನಲ್ಲೂ ತಕ್ಷಣ ತೆರೆದುಕೊಳ್ಳುವಷ್ಟು ಚಿಕ್ಕದು.