ನೋಡಿಯೂ ತಿರುಗದವಳು

“ನಾನೇನು ತಪ್ಪು ಮಾಡಿದೆ ಅಂತ ಹೇಳಿಬಿಡಿ ಮಾರಾಯ್ತಿ, ತಿದ್ಕೊಳ್ತೀನಿ.”

ಬಸ್ಸು ಮಾಚೇನಹಳ್ಳಿ ಬಿಟ್ಟು ಭದ್ರಾವತಿಯ ಕಡೆ ಹೊರಟಿತ್ತು. ನಗ್ಮಾ ತಲೆಯೆತ್ತಿದಳು. ಸೀಟಿನ ಪಕ್ಕ ಕಂಬಿ ಹಿಡಿದು ನಿಂತವನು ಜಾಕಿರ್, ಮಾಚೇನಹಳ್ಳಿಯ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಭದ್ರಾವತಿಯವನು. ಶಿವಮೊಗ್ಗದಲ್ಲಿ ಅವಳು ಕೆಲಸ ಮಾಡುವ ಔಷಧಿ ಅಂಗಡಿಗೆ ತಿಂಗಳಿಗೊಮ್ಮೆ ಅಪ್ಪನ ಬಿ.ಪಿ. ಮಾತ್ರೆಗೆಂದು ಬರುತ್ತಿದ್ದ.

“ಅರ್ಥ ಆಗ್ಲಿಲ್ಲ.”

“ನಾಲ್ಕು ತಿಂಗಳಿಂದ ಮಾಚೇನಹಳ್ಳಿ ಸ್ಟಾಪಲ್ಲಿ ನಿಂತು ನಿಮ್ಮ ಕಿಟಕಿ ನೋಡಿ ನಗ್ತಿದೀನಿ, ಕೈ ಎತ್ತುತ್ತಿದೀನಿ, ಆಮೇಲೆ ಹಿಂದಿನ ಬಾಗಿಲಲ್ಲಿ ಹತ್ತಿ ಕೂರ್ತಿದೀನಿ. ವರ್ಕ್‌ಶಾಪಿನವರು ನನಗೆ ಟ್ರಾಫಿಕ್ ಪೊಲೀಸ್ ಅಂತ ಹೆಸರಿಟ್ಟಾಯ್ತು. ನೀವು ಒಂದು ಸಲಾನೂ ತಿರುಗಿ ನೋಡ್ಲಿಲ್ಲ.”

ಕಿಟಕಿ ನಗ್ಮಾಳ ಎಡಕ್ಕಿತ್ತು. ಎಂಟನೇ ವಯಸ್ಸಿನಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದು ಅವಳ ಎಡಗಣ್ಣಿನ ದೃಷ್ಟಿ ಹೋಗಿತ್ತು. ನೋಡುವವರಿಗೆ ಎರಡೂ ಕಣ್ಣು ಒಂದೇ ಥರ. ಆ ಪಕ್ಕದಲ್ಲಿ ಯಾರೂ ಕೂರದಿರಲಿ ಎಂದೇ ಅವಳು ದಿನಾ ಎಡಗಡೆಯ ಕಿಟಕಿ ಹಿಡಿಯುತ್ತಿದ್ದುದು.

ನಿಜ ಹೇಳಲು ಅರ್ಧ ನಿಮಿಷ ಸಾಕಿತ್ತು. ಬಾಯಿಂದ ಬಂದದ್ದೇ ಬೇರೆ.

“ನೋಡ್ತಿದ್ದೆ. ಬೇಡ ಅಂತಲೇ ತಿರುಗ್ಲಿಲ್ಲ.”

ಜಾಕಿರನ ತುಟಿಯಂಚಿನಲ್ಲಿದ್ದ ತುಂಟ ನಗು ಅಲ್ಲೇ ಆರಿಹೋಯಿತು. “ಸಾರಿ,” ಎಂದಷ್ಟೇ ಹೇಳಿ ಹಿಂದಿನ ಸೀಟಿಗೆ ಹೋದ.

ಎರಡು ವರ್ಷದ ಹಿಂದೆ ಅವಳಿಗೊಂದು ಸಂಬಂಧ ಕೂಡಿಬಂದಿತ್ತು. “ನಿಕಾಹ್ ಆಗೋವರೆಗೂ ಕಣ್ಣಿನ ವಿಷಯ ಬಾಯಿ ಬಿಡ್ಬೇಡ,” ಎಂದು ಅಮ್ಮಿ ಫಿರೋಜಾ ಆಣೆ ಹಾಕಿಸಿದ್ದಳು. ಗಂಡಿನವರು ಬಂದಾಗಲೆಲ್ಲ ಅವರನ್ನು ಮಗಳ ಬಲಕ್ಕೇ ಕೂರಿಸುತ್ತಿದ್ದಳು. ಮಂಗ್ನಿಯ ದಿನ, ನಿಶ್ಚಿತಾರ್ಥಕ್ಕೆ ಬಂದಿದ್ದ ಹುಡುಗನ ತಂಗಿ ಎಡದಿಂದ ಶರಬತ್ತಿನ ಗ್ಲಾಸು ನೀಡಿದಳು. ನಗ್ಮಾಳ ಮೊಣಕೈ ತಾಗಿ ಅದು ಮಡಿಲಿಗೇ ಚೆಲ್ಲಿತು. ಆಮೇಲೆ ಒಂದೊಂದಾಗಿ ಪ್ರಶ್ನೆಗಳು ಬಂದವು. ಸಂಬಂಧ ಹೋಯಿತು.

ಅಂದಿನಿಂದ ಬೇರೆಯವರು ಬೇಡ ಅನ್ನುವ ಮೊದಲು ತಾನೇ ಬೇಡ ಅನ್ನುವುದನ್ನು ಅವಳು ಕಲಿತಿದ್ದಳು. ಅದರಲ್ಲಿ ಅವಮಾನವಿಲ್ಲ. ಆದರೆ ಅದರಲ್ಲಿ ಬೇರೆ ಏನೂ ಇಲ್ಲ ಎನ್ನುವುದು ಈಗ ತಿಳಿಯತೊಡಗಿತು.

ಮರುದಿನ ಮಾಚೇನಹಳ್ಳಿಯಲ್ಲಿ ಅವಳು ಕತ್ತನ್ನು ಪೂರ್ತಿ ತಿರುಗಿಸಿ ನೋಡಿದಳು. ಜಾಕಿರ್ ಮೊಬೈಲಿಗೆ ತಲೆ ಬಗ್ಗಿಸಿ ನಿಂತಿದ್ದ. ಅದರ ಮರುದಿನವೂ ಅಷ್ಟೇ. ಅವನು ಹಿಂದಿನ ಬಾಗಿಲಲ್ಲಿ ಹತ್ತಿ, ಹಿಂದೆಯೇ ಕೂರುತ್ತಿದ್ದ. ನಾಲ್ಕು ತಿಂಗಳು ಅವನಿಗೆ ಹೇಗಾಗಿರಬೇಕು ಎನ್ನುವುದು ಅವಳಿಗೆ ಎರಡೇ ದಿನದಲ್ಲಿ ಗೊತ್ತಾಯಿತು.

ಗುರುವಾರ ವರ್ಕ್‌ಶಾಪಿಗೆ ಕರೆಂಟ್ ಇರಲಿಲ್ಲ. ಜಾಕಿರ್ ಮಧ್ಯಾಹ್ನವೇ ಔಷಧಿ ಅಂಗಡಿಗೆ ಬಂದ. ಗಲ್ಲಾದಲ್ಲಿ ಕೂತಿದ್ದ ಮಾಲೀಕ ಷಣ್ಮುಖಪ್ಪ ಅವನ ಕೈಯಲ್ಲಿದ್ದುದನ್ನು ನೋಡಿದರು.

“ಏನಯ್ಯಾ, ನಿಮ್ಮಪ್ಪನ ಬಿ.ಪಿ.ಗೆ ಡಾಕ್ಟ್ರು ಫೇಸ್‌ವಾಶ್ ಬೇರೆ ಬರೆದಿದಾರಾ?”

“ಭಾನುವಾರ ಹೊಳಲೂರಿಗೆ ಹುಡುಗಿ ನೋಡೋಕೆ ಹೋಗ್ಬೇಕು ಸರ್. ಅಮ್ಮಿ ಮಾತು ಕೊಟ್ಬಿಟ್ಟಿದಾಳೆ.”

“ಹಂಗಾದ್ರೆ ಇನ್ಮೇಲೆ ಇಲ್ಲಿಗೆ ಬರಲ್ಲ ಬಿಡು. ಭದ್ರಾವತೀಲಿ ಸಿಗೋ ಮಾತ್ರೆಗೆ ಶಿವಮೊಗ್ಗಕ್ಕೆ ಬರೋ ಹುಚ್ಚ ನೀನೊಬ್ಬನೇ.”

ಜಾಕಿರ್ ನಗಲಿಲ್ಲ. ಮಾತ್ರೆ ಕಟ್ಟುತ್ತಿದ್ದ ನಗ್ಮಾಳ ಬೆರಳು ನಿಂತಿತು. ಒಂದು ವರ್ಷದಿಂದ ಅವನು ಬರುತ್ತಿದ್ದ. ಇಷ್ಟು ದೂರ ಯಾಕೆ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ತನ್ನ ಬಾಗಿಲಿಗೆ ಯಾರೂ ಬರುವುದಿಲ್ಲ ಎಂದುಕೊಂಡವರಿಗೆ ಬಂದವರ ಹೆಜ್ಜೆ ಕೇಳಿಸುವುದಿಲ್ಲ.

ಶುಕ್ರವಾರ ಸಂಜೆ ಅವಳು ಮಾಚೇನಹಳ್ಳಿಯಲ್ಲೇ ಇಳಿದಳು. ಹತ್ತಲು ಬಂದ ಜಾಕಿರ್ ಗಾಬರಿಯಾದ.

“ಇದು ನಿಮ್ಮ ಸ್ಟಾಪ್ ಅಲ್ಲ.”

“ಗೊತ್ತು. ನನ್ನ ಎಡಗಣ್ಣು ಕಾಣಲ್ಲ. ಚಿಕ್ಕಂದಿನಿಂದ.” ಒಂದೇ ಉಸಿರಿಗೆ ಅಂದಳು. “ನೀವು ನಕ್ಕಿದ್ದು ನಾನು ಒಂದು ದಿನಾನೂ ನೋಡಿಲ್ಲ.”

ಬಸ್ಸು ಹೊರಟುಹೋಯಿತು. ಅವನು ಹತ್ತಲಿಲ್ಲ.

“ಮತ್ತೆ ಅವತ್ತು ನೋಡ್ತಿದ್ದೆ ಅಂದ್ರಿ?”

“ಸುಳ್ಳು. ಸೊಕ್ಕಿನವಳು ಅನ್ನಿಸ್ಕೊಂಡ್ರೆ ಮರ್ಯಾದೆ ಉಳಿಯುತ್ತೆ. ಕುರುಡಿ ಅನ್ನಿಸ್ಕೊಂಡ್ರೆ ಉಳಿಯಲ್ಲ.”

ಜಾಕಿರ್ ಸಿಟ್ಟಿನಿಂದ ಮುಖ ತಿರುಗಿಸಿದ. ಆಮೇಲೆ ತಾನೇ ಅವಳ ಕಡೆ ತಿರುಗಿದ. “ದಿನಾ ಕನ್ನಡಿ ಮುಂದೆ ನಗೋದು ಪ್ರಾಕ್ಟೀಸ್ ಮಾಡ್ತಿದ್ದೆ. ಎಲ್ಲ ವೇಸ್ಟು.”

“ಈಗ ನಗಿ. ನೋಡ್ತೀನಿ.”

ಅವನಿಗೆ ನಗಲಾಗಲಿಲ್ಲ. ಕಣ್ಣು ತುಂಬಿಬಂದಿತ್ತು. “ಹೊಳಲೂರಿಗೆ ನಾನು ಹೋಗಲ್ಲ. ಅಮ್ಮಿ ಹತ್ರ ಇವತ್ತೇ ಹೇಳ್ತೀನಿ. ಆದ್ರೆ ಈ ಕಣ್ಣಿನ ವಿಷಯ… ಮದುವೆ ಆಗೋವರೆಗೆ ಬೇಡ. ಆಮೇಲೆ ನಾನೇ ಸಂಭಾಳಿಸ್ತೀನಿ.”

ಪ್ರೀತಿಯಿಂದ ಹೇಳಿದ ಮಾತು. ಅವಳ ಅಮ್ಮಿ ಅಂದು ಹೇಳಿದ್ದೂ ಪ್ರೀತಿಯಿಂದಲೇ. ನಗ್ಮಾಗೆ ಒಪ್ಪಿಬಿಡುವ ಆಸೆಯಾಯಿತು. ಒಂದು ಕ್ಷಣ ಅವಳು ಒಪ್ಪಿಯೂ ಬಿಟ್ಟಿದ್ದಳು, ಮನಸ್ಸಿನಲ್ಲಿ.

“ಫೋನ್ ಹಚ್ಚಿ. ನಾನೇ ಹೇಳ್ತೀನಿ.”

“ಈಗ್ಲಾ? ಇಲ್ಲಿ?”

“ನಾಳೆ ಅಂದ್ರೆ ಧೈರ್ಯ ಇರಲ್ಲ.”

ಆ ಕಡೆ ಅವನ ಅಮ್ಮಿ ಮುಸರ್ರತ್ ಪಾತ್ರೆ ತೊಳೆಯುತ್ತಿದ್ದ ಸದ್ದು. ನಗ್ಮಾ ಸಲಾಂ ಹೇಳಿದಳು, ತನ್ನ ಹೆಸರು ಹೇಳಿದಳು, ಕಣ್ಣಿನ ವಿಷಯ ಹೇಳಿದಳು. ಕೊನೆಗೆ, “ನಿಮ್ಮ ಮಗ ನನಗೆ ಇಷ್ಟ, ಖಾಲಾ,” ಎಂದಳು. ಪಾತ್ರೆಯ ಸದ್ದು ನಿಂತಿತು.

“ನಾನು ಆ ಮನೆಗೆ ಮಾತು ಕೊಟ್ಟಾಗಿದೆಯಲ್ಲ ಬೇಟಿ,” ಎಂದಿತು ಬೇಸರದ ದನಿ. “ಕೊಟ್ಟ ಮಾತು ವಾಪಸ್ ತಗೊಳ್ಳೋದು ಅಂದ್ರೆ ತಮಾಷೆನಾ? ನಾನು ಹೂಂ ಅಂತ ಹೇಳ್ತಿಲ್ಲ, ತಿಳ್ಕೋ. ಆದ್ರೂ ನಿಮ್ಮ ಅಮ್ಮಿನ ಕರ್ಕೊಂಡು ಮನೆಗೆ ಬಾ. ಭಾನುವಾರಕ್ಕೆ ಮುಂಚೆ ಬಾ.”

“ನಾಳೆ ಬರ್ತೀವಿ.”

ಫೋನ್ ತೆಗೆದುಕೊಳ್ಳಲು ಬಂದ ಜಾಕಿರ್, ಅದರ ಜೊತೆ ಅವಳ ಕೈಯನ್ನೂ ಹಿಡಿದುಕೊಂಡ. ಸ್ಟಾಪಿನಲ್ಲಿ ಹತ್ತು ಜನ ನೋಡುತ್ತಿದ್ದರು. ಅವಳು ಬಿಡಿಸಿಕೊಳ್ಳಲಿಲ್ಲ.